ಮಗುವಿನ ಹೆಸರಿನ ಆಪ್: ಪಟ್ಟಿ ಉದ್ದ, ವಿಷಯ ಕಮ್ಮಿ

ಅಕ್ಕನ ಮಗನದು ಹಸ್ತ ನಕ್ಷತ್ರ, 'ಪು' ಅಕ್ಷರ. ಆಪ್‌ನಲ್ಲಿ ಅಕ್ಷರ ಒತ್ತಿದರೆ ಪಟ್ಟಿ ತಕ್ಷಣ ಬರುತ್ತದೆ, ಅದು ಚೆನ್ನಾಗಿದೆ. ಪಟ್ಟಿಯಲ್ಲಿ ಪುಲಕೇಶಿಯೂ ಇದೆ, ಖುಷಿಯಾಯಿತು. ಆದರೆ ಮೂಲ ನೋಡಿದರೆ 'ರಾಜನ ಹೆಸರು' ಅಂತ ಮಾತ್ರ! ಯಾವ ರಾಜ ಸ್ವಾಮಿ? 543ರಲ್ಲಿ ಬಾದಾಮಿ ಕೋಟೆ ಕಟ್ಟಿಸಿದ ಮೊದಲನೇ ಪುಲಕೇಶಿ, ಹರ್ಷವರ್ಧನನನ್ನು ಸೋಲಿಸಿದ ಇಮ್ಮಡಿ ಪುಲಕೇಶಿ, ಅವನನ್ನು ಹೊಗಳುವ 634ರ ಐಹೊಳೆ ಶಾಸನ, ಯಾವುದರ ಬಗ್ಗೆಯೂ ಒಂದು ಸಾಲಿಲ್ಲ. ಜನಪ್ರಿಯತೆಗೆ ಮಾತ್ರ ಸುಮ್ನೆ ನಾಲ್ಕು ಸ್ಟಾರ್. ಬೆಂಗಳೂರಲ್ಲಿ ಪುಲಕೇಶಿನಗರ ಇದೆ, ನಿಜ, ಆದರೆ ಶಾಲೆಯ ಹಾಜರಿಯಲ್ಲಿ ಈ ಹೆಸರು ಕೂಗಿದ್ದನ್ನು ಎಷ್ಟು ಜನ ಕೇಳಿದ್ದೀರಿ? ನಡುವೆ ಡೈಪರ್ ಜಾಹೀರಾತು ಬೇರೆ ಜಾಸ್ತಿ. ಉಚಿತದ್ದೇ ಸಾಕು, ಪ್ರೀಮಿಯಂಗೆ ದುಡ್ಡು ಹಾಕಬೇಡಿ. ಅಕ್ಕ ಪುಲಕೇಶಿ ಅಂತಲೇ ಪಟ್ಟು ಹಿಡಿದಿದ್ದಾಳೆ, ಭಾವ ಇನ್ನೂ ಒಪ್ಪಿಲ್ಲ.