ಗ್ರಿಡ್ ಕಂಪ್ಯೂಟಿಂಗೋ, ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸೋ?

ಬಾಗಲಕೋಟೆಯ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಈ ಎರಡು ಐಚ್ಛಿಕ ವಿಷಯಗಳಲ್ಲಿ ಯಾವುದನ್ನು ಆಯ್ದುಕೊಳ್ಳಬೇಕೆಂದು ಕೇಳಿದ್ದಾರೆ. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಎಂದರೆ ಜಾಲದಲ್ಲಿ ಬೆಸೆದ ಹಲವು ಕಂಪ್ಯೂಟರ್‌ಗಳು ಒಂದಾಗಿ ಕೆಲಸ ಮಾಡುವ ವ್ಯವಸ್ಥೆಗಳ ಅಧ್ಯಯನ; ಗ್ರಿಡ್ ಎಂದರೆ ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರ್‌ಗಳನ್ನು ಭಾರೀ ಲೆಕ್ಕಾಚಾರಗಳಿಗಾಗಿ ಕೂಡಿಸಿ ಬಳಸುವುದು.

ಕಲಿತದ್ದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ವಿವರಿಸಿದ ತಾರ್ಕಿಕ ಗಡಿಯಾರದ (ಬೇರೆ ಬೇರೆ ಯಂತ್ರಗಳ ಘಟನೆಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ಎಣಿಕೆಯಿಂದ ಕ್ರಮಗೊಳಿಸುವ) ವಿಚಾರ ಇಂದಿಗೂ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್‌ನ ತಳಪಾಯವಾಗಿದೆ. ಗ್ರಿಡ್ ಪಾಠಗಳಿಗೆ ಆಧಾರವಾಗಿದ್ದ, ಗ್ರಿಡ್ ಕಟ್ಟುವ ತಂತ್ರಾಂಶವಾದ ಗ್ಲೋಬಸ್ ಟೂಲ್‌ಕಿಟ್‌ಗಾದರೋ 2018ರಲ್ಲಿಯೇ ಬೆಂಬಲ ನಿಂತುಹೋಯಿತು. ಹಾಗೆಂದು ಗ್ರಿಡ್ ಅಳಿದಿಲ್ಲ: ಯುರೋಪಿನ ಸಂಶೋಧನಾ ಕೇಂದ್ರವಾದ ಸರ್ನ್‌ನ ಕಣಭೌತ ಪ್ರಯೋಗಗಳ ದತ್ತಾಂಶವನ್ನು ಹಲವು ದೇಶಗಳ ಕಂಪ್ಯೂಟರ್ ಕೇಂದ್ರಗಳು ಗ್ರಿಡ್ ಮೂಲಕವೇ ಹಂಚಿಕೊಂಡು ಸಂಸ್ಕರಿಸುತ್ತವೆ.

ಪ್ರಯೋಗದ ಖರ್ಚಿನಲ್ಲಿ ಅಂತರ ದೊಡ್ಡದು. ಲ್ಯಾಬಿನ ಮೂರು ಹಳೆಯ ಕಂಪ್ಯೂಟರ್‌ಗಳಲ್ಲಿ ಹಲವು ಯಂತ್ರಗಳನ್ನು ಒಮ್ಮತಕ್ಕೆ ತರುವ ರಾಫ್ಟ್ ಕ್ರಮವಿಧಿಯನ್ನು ಓಡಿಸಿ, ನಾಯಕನಾಗಿರುವ ಯಂತ್ರದ ಕೇಬಲ್ ಕಿತ್ತರೆ, ಉಳಿದೆರಡು ಬಹುಮತದಿಂದ ಹೊಸ ನಾಯಕನನ್ನು ಆರಿಸಿಕೊಳ್ಳುವುದನ್ನು ಕಣ್ಣಾರೆ ಕಾಣಬಹುದು. ಗ್ರಿಡ್‌ನ ಜೀವಾಳವಾದ, ಬೇರೆ ಬೇರೆ ಸಂಸ್ಥೆಗಳ ನಡುವಿನ ನಂಬಿಕೆ ಮತ್ತು ಗುರುತು ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರಗಳ ವ್ಯವಸ್ಥೆಯನ್ನು ಒಂದೇ ಕೋಣೆಯಲ್ಲಿ ತೋರಿಸುವುದು ಕಷ್ಟ.

ಓದಲು ಗ್ರಿಡ್ ಹಗುರ. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಗಣಿತದಲ್ಲಿರುವಂತಹ ತರ್ಕಬದ್ಧ ರುಜುವಾತುಗಳನ್ನು ಬೇಡುತ್ತದೆ.

ಸಾಫ್ಟ್‌ವೇರ್ ಉದ್ಯೋಗದತ್ತ ಮನಸ್ಸಿದ್ದರೆ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಆಯ್ದುಕೊಳ್ಳಿ. ಹವಾಮಾನ, ಭೌತಶಾಸ್ತ್ರದಂತಹ ಭಾರೀ ಲೆಕ್ಕಾಚಾರದ ಸಂಶೋಧನೆಗೆ ಹೋಗುವವರಿಗೆ, ಕೆಲಸಗಳನ್ನು ಸರದಿಗೆ ಹಚ್ಚುವ ಗ್ರಿಡ್‌ನ ಪಾಠವೇ ಹತ್ತಿರದ್ದು.