ಹಳೆಯ ರೆಡ್ಮಿ ನೋಟ್ 4ರಲ್ಲಿ ಎಸ್‌ಡಿ ಮೇಡ್ ಎಸ್‌ಇ: ಯಾವ ಜಾಗ ಮರಳಿ ಸಿಗುತ್ತದೆ, ಯಾವುದು ಸಿಗುವುದಿಲ್ಲ

2017ರ ಜನವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ರೆಡ್ಮಿ ನೋಟ್ 4 ಗಟ್ಟಿ ಜೀವದ ಫೋನು. ಸ್ನಾಪ್‌ಡ್ರ್ಯಾಗನ್ 625 ಚಿಪ್, 4100 ಎಂಎಎಚ್ ಬ್ಯಾಟರಿ. ಬ್ಯಾಟರಿ ಬದಲಿಸಿಕೊಂಡರೆ ಇವತ್ತಿಗೂ ಓಡುತ್ತದೆ. ಸೋಲುವುದು ಸ್ಟೋರೇಜ್‌ನಲ್ಲಿ. 32 ಜಿಬಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಸಿಸ್ಟಮ್‌ಗೆ ಹೋಗಿ ಬಳಸುವವರ ಪಾಲಿಗೆ ಉಳಿಯುವುದು ಸುಮಾರು 25 ಜಿಬಿ. ಕಂಪನಿಯಿಂದ ಬಂದ ಕೊನೆಯ ಸಾಫ್ಟ್‌ವೇರ್ ಎಂಐಯುಐ 11, ಅದರ ಅಡಿಯಲ್ಲಿರುವುದು ಆಂಡ್ರಾಯ್ಡ್ 7. ಇಲ್ಲಿ ವಿಮರ್ಶೆ ಮಾಡುತ್ತಿರುವ, ಫೋನಿನಲ್ಲಿ ಬೇಡದ ಫೈಲ್ ಹುಡುಕಿ ತೆಗೆಯುವ ಎಸ್‌ಡಿ ಮೇಡ್ ಎಸ್‌ಇ ಆ್ಯಪ್‌ಗೆ ಆಂಡ್ರಾಯ್ಡ್ 8 ಅಥವಾ ಅದಕ್ಕಿಂತ ಹೊಸದು ಬೇಕು. ಹಾಗಾಗಿ ಈ ಫೋನಿನಲ್ಲಿ ಅದು ಓಡಬೇಕಾದರೆ ಲಿನೇಜ್‌ಓಎಸ್‌ನಂಥ ಕಸ್ಟಮ್ ರೋಮ್, ಅಂದರೆ ಕಂಪನಿಯದಲ್ಲದ ಬೇರೆ ಆಂಡ್ರಾಯ್ಡ್, ಹಾಕಿರಲೇಬೇಕು.

ಆ್ಯಪ್‌ನ ಗುಣದೋಷ ನೋಡುವ ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು, ಇಲ್ಲದಿದ್ದರೆ ಯಾವ ಕ್ಲೀನರ್ ಹಾಕಿದರೂ ನಿರಾಶೆಯೇ. ರೂಟ್ ಮಾಡಿ (ಅಂದರೆ ಫೋನಿನ ಮೇಲೆ ಪೂರ್ತಿ ಅಧಿಕಾರ ಪಡೆದು), ಫೋನಿನ ಜೊತೆಗೇ ಬಂದ ಆ್ಯಪ್‌ಗಳನ್ನು ಕಿತ್ತುಹಾಕಿದರೆ ಫೋಟೋಗಳಿಗೆ ಜಾಗವಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಆಗುವುದಿಲ್ಲ. ಸ್ಟೋರೇಜ್ ಅನ್ನು ಪಾರ್ಟಿಷನ್ ಎಂಬ ಭಾಗಗಳಾಗಿ ಹಂಚಿರುತ್ತಾರೆ, ಆ ಆ್ಯಪ್‌ಗಳು ಇರುವುದು ಸಿಸ್ಟಮ್ ಪಾರ್ಟಿಷನ್‌ನಲ್ಲಿ. ಅದರ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಅಲ್ಲಿ 500 ಎಂಬಿ ಖಾಲಿ ಮಾಡಿದರೆ ಅದು ಅಲ್ಲೇ ಖಾಲಿ ಬಿದ್ದಿರುತ್ತದೆ. ಪಕ್ಕದ ಸೈಟು ಖಾಲಿ ಇದ್ದ ಮಾತ್ರಕ್ಕೆ ನಮ್ಮ ಮನೆಗೆ ಕೋಣೆ ಹೆಚ್ಚುವುದಿಲ್ಲವಲ್ಲ, ಹಾಗೆ. ಫೋಟೋ, ವಾಟ್ಸಾಪ್, ಹೊಸದಾಗಿ ಹಾಕಿದ ಆ್ಯಪ್ ಎಲ್ಲವೂ ಡೇಟಾ ಪಾರ್ಟಿಷನ್‌ನಲ್ಲಿ ಇರುತ್ತವೆ. ಪಾರ್ಟಿಷನ್ ಪಟ್ಟಿಯನ್ನೇ ತಿದ್ದಿ ಡೇಟಾ ದೊಡ್ಡದು ಮಾಡುವ ವಿಧಾನಗಳೂ ಓಡಾಡುತ್ತವೆ. ಒಂದು ಅಂಕಿ ತಪ್ಪಿದರೆ ಫೋನ್ ಬೂಟ್ ಆಗುವುದೇ ನಿಲ್ಲಬಹುದು. ಅದರ ಹತ್ತಿರ ಹೋಗಬೇಡಿ.

ಸಿಸ್ಟಮ್ ಆ್ಯಪ್‌ನಿಂದ ಡೇಟಾಗೆ ಲಾಭವಾಗುವ ದಾರಿ ಒಂದಿದೆ. ಪ್ಲೇ ಸ್ಟೋರ್ ಆ ಆ್ಯಪ್ ಅನ್ನು ಅಪ್‌ಡೇಟ್ ಮಾಡಿದಾಗ ಹೊಸ ಪ್ರತಿ ಡೇಟಾದಲ್ಲಿ ಕೂರುತ್ತದೆ, ಹಳೆಯದು ಸಿಸ್ಟಮ್‌ನಲ್ಲೇ ಇರುತ್ತದೆ. ಅಂದರೆ ಒಂದೇ ಆ್ಯಪ್ ಎರಡು ಕಡೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ಮೂರು ಚುಕ್ಕಿಯ ಮೆನುವಿನಿಂದ ಅಪ್‌ಡೇಟ್‌ಗಳನ್ನು ತೆಗೆದು, ಆಮೇಲೆ ಆ್ಯಪ್ ನಿಷ್ಕ್ರಿಯಗೊಳಿಸಿದರೆ ಡೇಟಾದಲ್ಲಿದ್ದ ಪ್ರತಿ ಹೋಗುತ್ತದೆ. ರೂಟ್ ಬೇಕಿಲ್ಲ. ಇದೇ ಕಾರಣಕ್ಕೆ ರೋಮ್ ಹಾಕುವಾಗ ಗೂಗಲ್ ಆ್ಯಪ್‌ಗಳ ದೊಡ್ಡ ಪ್ಯಾಕೇಜ್ (ಜಿಆ್ಯಪ್ಸ್) ಬೇಡ, ಅತಿ ಚಿಕ್ಕದನ್ನು ಆರಿಸಿ. ಓಪನ್ ಜಿಆ್ಯಪ್ಸ್‌ನಲ್ಲಾದರೆ ಪಿಕೋ. ಅದರಲ್ಲಿ ಇಲ್ಲದ ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ ಹಾಕಿಕೊಳ್ಳಿ, ಬೇಡವಾದಾಗ ಪೂರ್ತಿ ತೆಗೆಯಬಹುದು. ದೊಡ್ಡ ಪ್ಯಾಕೇಜ್ ಹಾಕಲು ಹೋದರೆ ಎರರ್ 70 ಬರುವುದೂ ಇಲ್ಲೇ: ಸಿಸ್ಟಮ್ ಪಾರ್ಟಿಷನ್‌ನಲ್ಲಿ ಜಾಗ ಸಾಲದು ಎಂಬುದು ಅದರ ಅರ್ಥ. ಫೋಟೋ ಅಳಿಸಿ ಮತ್ತೆ ಪ್ರಯತ್ನಿಸಿದರೆ ಆ ಎರರ್ ಹೋಗುವುದಿಲ್ಲ.

ಈಗ ಆ್ಯಪ್. ಎಸ್‌ಡಿ ಮೇಡ್ ಎಸ್‌ಇ ಓಪನ್ ಸೋರ್ಸ್. ಪ್ಲೇ ಸ್ಟೋರ್, ಎಫ್-ಡ್ರಾಯ್ಡ್, ಗಿಟ್‌ಹಬ್ ಮೂರರಲ್ಲೂ ಸಿಗುತ್ತದೆ. ಜಾಹೀರಾತು ಇಲ್ಲ. ಆ್ಯಪ್‌ನೊಳಗಿನ ಕೆಲವು ಸಾಧನಗಳಲ್ಲಿ (ಟೂಲ್) ಹುಡುಕಿ ತೋರಿಸುವುದು ಉಚಿತ, ಅಳಿಸುವುದಕ್ಕೆ ಪ್ರೊ ಆವೃತ್ತಿ ಬೇಕು. ಮೊದಲ ಸಲ ತೆರೆದಾಗ ಎಲ್ಲ ಫೈಲ್‌ಗಳ ಅನುಮತಿ, ಆ್ಯಪ್ ಬಳಕೆಯ ಅನುಮತಿ, ರೂಟ್ ಅಥವಾ ಶಿಜುಕು (ರೂಟ್ ಇಲ್ಲದೆಯೇ ಹೆಚ್ಚಿನ ಅಧಿಕಾರ ಕೊಡುವ ಆ್ಯಪ್), ತೆರೆಯ ಮೇಲಿನ ಬಟನ್ ತಾನೇ ಒತ್ತಲು ಬಿಡುವ ಆ್ಯಕ್ಸೆಸಿಬಿಲಿಟಿ ಸೇವೆ ಎಂದು ಒಂದೊಂದಾಗಿ ಕೇಳುತ್ತದೆ. ರೂಟ್ ಇದ್ದರೆ ಆ್ಯಕ್ಸೆಸಿಬಿಲಿಟಿ ಕೊಡುವ ಅಗತ್ಯವಿಲ್ಲ. ರೂಟ್ ಇಲ್ಲದ ಫೋನಿನಲ್ಲಿ ಒಂದು ಆ್ಯಪ್ ಇನ್ನೊಂದರ ಕ್ಯಾಶೆಯನ್ನು (ತಾತ್ಕಾಲಿಕ ಫೈಲ್‌ಗಳನ್ನು) ನೇರವಾಗಿ ಅಳಿಸಲು ಆಂಡ್ರಾಯ್ಡ್ ಬಿಡುವುದಿಲ್ಲ. ಆದ್ದರಿಂದ ಈ ಆ್ಯಪ್ ಸೆಟ್ಟಿಂಗ್ಸ್ ಪುಟಗಳನ್ನು ತಾನೇ ತೆರೆದು ಬಟನ್ ಒತ್ತುತ್ತಾ ಹೋಗುತ್ತದೆ. ಕಸ್ಟಮ್ ರೋಮ್‌ನಲ್ಲಿ ಸೆಟ್ಟಿಂಗ್ಸ್‌ನ ವಿನ್ಯಾಸ ಅಥವಾ ಭಾಷೆ ಬೇರೆಯಾದರೆ ಬಟನ್ ಸಿಗದೆ ಅರ್ಧಕ್ಕೆ ನಿಲ್ಲಬಹುದು. ಹಾಗಾದರೆ ಫೋನಿನ ಭಾಷೆಯನ್ನು ಆ ಹೊತ್ತಿಗೆ ಇಂಗ್ಲಿಷ್‌ಗೆ ಬದಲಿಸಿ ನೋಡಿ.

ಒಳಗಿರುವ ಸಾಧನಗಳಲ್ಲಿ ಅತ್ಯಂತ ಬೆಲೆಬಾಳುವುದು ಅಳಿಸುವ ಸಾಧನವಲ್ಲ, ತೋರಿಸುವುದು: ಸ್ಟೋರೇಜ್ ಅನಲೈಸರ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’ ಎಂದು ಕಾಣುವ ಅಂಕಿಯನ್ನು ನಂಬುವಂತಿಲ್ಲ. ಆ್ಯಪ್, ಫೋಟೋ, ವಿಡಿಯೋ ಎಂದು ಲೆಕ್ಕಕ್ಕೆ ಸಿಕ್ಕಿದ್ದನ್ನೆಲ್ಲ ಕಳೆದು, ಲೆಕ್ಕಕ್ಕೆ ಸಿಗದೆ ಉಳಿದದ್ದನ್ನೂ ಆಂಡ್ರಾಯ್ಡ್ ಅದೇ ಹೆಸರಿನಡಿ ತುಂಬುತ್ತದೆ. ಕಸ್ಟಮ್ ರೋಮ್ ಫೋನಿನಲ್ಲಿ ಆ ‘ಸಿಸ್ಟಮ್’ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಬೆಳೆಯುತ್ತಿರುವುದು ಸಿಸ್ಟಮ್ ಅಲ್ಲ. ಹುಡುಕಬೇಕಾದ ಜಾಗಗಳು ಇವು:

ಮೊದಲನೆಯದು ಟಿಡಬ್ಲ್ಯುಆರ್‌ಪಿ ಬ್ಯಾಕಪ್. ರೋಮ್ ಹಾಕಲು, ಬ್ಯಾಕಪ್ ತೆಗೆಯಲು ಬಳಸುವ ರಿಕವರಿ ಸಾಫ್ಟ್‌ವೇರ್ ಟಿಡಬ್ಲ್ಯುಆರ್‌ಪಿ. ರೋಮ್ ಹಾಕುವ ಮೊದಲು ರಿಕವರಿಯಲ್ಲಿ ಬ್ಯಾಕಪ್ ತೆಗೆದಿದ್ದರೆ ಅದು ಆಂತರಿಕ ಸ್ಟೋರೇಜ್‌ನ ‘ಟಿಡಬ್ಲ್ಯುಆರ್‌ಪಿ’ ಫೋಲ್ಡರ್‌ನಲ್ಲಿ, ‘ಬ್ಯಾಕಪ್ಸ್’ ಒಳಗೆ, ಫೋನಿನ ಸೀರಿಯಲ್ ನಂಬರಿನ ಹೆಸರಿನಲ್ಲಿ ಕೂತಿರುತ್ತದೆ. ಸಿಸ್ಟಮ್ ಮತ್ತು ಡೇಟಾ ಎರಡೂ ಸೇರಿದರೆ ಹಲವು ಜಿಬಿ. ಇದನ್ನು ಫೋನಿನೊಳಗೇ ಇಟ್ಟುಕೊಳ್ಳುವುದರಲ್ಲಿ ಅರ್ಥವೂ ಇಲ್ಲ. ಮುಂದೆ ‘ಫಾರ್ಮ್ಯಾಟ್ ಡೇಟಾ’ ಒತ್ತಬೇಕಾದ ದಿನ ಬ್ಯಾಕಪ್ ಕೂಡ ಅದರ ಜೊತೆಗೇ ಹೋಗುತ್ತದೆ. ಕಂಪ್ಯೂಟರ್‌ಗೆ ಕಾಪಿ ಮಾಡಿ, ಫೈಲ್‌ಗಳ ಅಳತೆ ಎರಡೂ ಕಡೆ ಒಂದೇ ಇದೆಯೇ ನೋಡಿ, ಆಮೇಲೆ ಫೋನಿನಿಂದ ತೆಗೆಯಿರಿ.

ಎರಡನೆಯದು ಲಿನೇಜ್‌ಓಎಸ್ ಅಪ್‌ಡೇಟರ್ ಇಳಿಸಿಕೊಂಡ ಜಿಪ್ ಫೈಲ್‌ಗಳು. ಒಂದೊಂದೂ ನೂರಾರು ಎಂಬಿ. ಇವು ಇರುವುದು ಡೇಟಾ ಪಾರ್ಟಿಷನ್‌ನ ‘ಲಿನೇಜ್‌ಓಎಸ್_ಅಪ್‌ಡೇಟ್ಸ್’ ಫೋಲ್ಡರ್‌ನಲ್ಲಿ, ಸಾಮಾನ್ಯ ಫೈಲ್ ಮ್ಯಾನೇಜರ್‌ಗೆ ಕಾಣುವುದೇ ಇಲ್ಲ. ಅಪ್‌ಡೇಟರ್‌ನ ಪ್ರಿಫರೆನ್ಸಸ್‌ನಲ್ಲಿ ಇನ್‌ಸ್ಟಾಲ್ ಆದ ಮೇಲೆ ಅಪ್‌ಡೇಟ್ ಅಳಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಈಗಾಗಲೇ ಬಿದ್ದಿರುವುದನ್ನು ಅಪ್‌ಡೇಟರ್ ಪಟ್ಟಿಯಲ್ಲೇ ಒತ್ತಿ ಹಿಡಿದು ಅಳಿಸಬಹುದು. ಕೈಯಾರೆ ಇಳಿಸಿದ ರೋಮ್, ಜಿಆ್ಯಪ್ಸ್, ರೂಟ್ ಮಾಡುವ ಮ್ಯಾಜಿಸ್ಕ್ ಫೈಲ್‌ಗಳು ‘ಡೌನ್‌ಲೋಡ್’ ಫೋಲ್ಡರ್‌ನಲ್ಲಿರುತ್ತವೆ.

ಮೂರನೆಯದು ಹಳೆಯ ಎಂಐಯುಐ ಬಿಟ್ಟುಹೋದದ್ದು. ಟಿಡಬ್ಲ್ಯುಆರ್‌ಪಿಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಆಂತರಿಕ ಸ್ಟೋರೇಜ್‌ನ ಫೋಟೋ, ಫೋಲ್ಡರ್‌ಗಳು ಹಾಗೇ ಉಳಿಯುತ್ತವೆ. ಅದರ ಜೊತೆ ‘ಎಂಐಯುಐ’ ಫೋಲ್ಡರ್ ಕೂಡ. ಅದರೊಳಗೆ ಹಳೆಯ ಬ್ಯಾಕಪ್, ಡೀಬಗ್ ಲಾಗ್, ಗ್ಯಾಲರಿಯ ಕ್ಯಾಶೆ ಇರುತ್ತವೆ. ಲಿನೇಜ್‌ಓಎಸ್‌ಗೆ ಇವು ಯಾವುವೂ ಬೇಡ. ಅಳಿಸುವ ಮೊದಲು ‘ಎಂಐಯುಐ’ ಒಳಗೆ ಧ್ವನಿಮುದ್ರಿಕೆಯ ಫೋಲ್ಡರ್ ಇದೆಯೇ ನೋಡಿ, ಹಳೆಯ ಕಾಲ್ ರೆಕಾರ್ಡಿಂಗ್‌ಗಳು ಅಲ್ಲೇ ಇರುತ್ತವೆ.

ಈ ಮೂರನ್ನೂ ‘ಕ್ಲೀನ್’ ಬಟನ್ ತಾನಾಗಿ ಹಿಡಿಯುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಅನಲೈಸರ್‌ನಲ್ಲಿ ಫೋಲ್ಡರ್ ಒಳಹೊಕ್ಕು ಕಣ್ಣಾರೆ ನೋಡಿ ತೆಗೆಯಬೇಕು. ಆದರೂ ಕಸ್ಟಮ್ ರೋಮ್ ಫೋನಿನಲ್ಲಿ ಅತಿ ಹೆಚ್ಚು ಜಾಗ ಸಿಗುವುದು ಇಲ್ಲಿಂದಲೇ.

ಕಾರ್ಪ್ಸ್‌ಫೈಂಡರ್ ತೆಗೆದುಹಾಕಿದ ಆ್ಯಪ್‌ಗಳ ಉಳಿಕೆಯನ್ನು ಹುಡುಕುತ್ತದೆ. ಫೋಲ್ಡರ್ ಹೆಸರನ್ನು ಈಗ ಫೋನಿನಲ್ಲಿರುವ ಆ್ಯಪ್‌ಗಳ ಜೊತೆ ತಾಳೆ ನೋಡಿ, ಯಜಮಾನರಿಲ್ಲದ್ದನ್ನು ತೋರಿಸುತ್ತದೆ. ಕೆಲಸ ಅಚ್ಚುಕಟ್ಟು. ತೆಗೆದುಹಾಕಿದರೂ ಮುಂದೆ ಮತ್ತೆ ಹಾಕಿಕೊಳ್ಳುವ ಆಟದ ಸೇವ್ ಫೈಲ್, ಇಳಿಸಿಟ್ಟ ಆಫ್‌ಲೈನ್ ಮ್ಯಾಪ್ ಇವೂ ಅದರ ಲೆಕ್ಕದಲ್ಲಿ ಅನಾಥವೇ. ಅಂಥವನ್ನು ಎಕ್ಸ್‌ಕ್ಲೂಷನ್ (ಮುಟ್ಟಬಾರದವುಗಳ) ಪಟ್ಟಿಗೆ ಸೇರಿಸಿ.

ಸಿಸ್ಟಮ್‌ಕ್ಲೀನರ್‌ನಲ್ಲಿ ಎಲ್ಲ ಫಿಲ್ಟರ್ ಆನ್ ಮಾಡುವ ಆಸೆ ಬೇಡ. ಲಾಗ್, ಕ್ರ್ಯಾಶ್ ವರದಿ ತೆಗೆದರೆ ನಷ್ಟವಿಲ್ಲ, ಲಾಭವೂ ಸಾಮಾನ್ಯವಾಗಿ ಕೆಲವೇ ಹತ್ತು ಎಂಬಿ. ಥಂಬ್‌ನೇಲ್ ಅಳಿಸಿದರೆ ಗ್ಯಾಲರಿ ತೆರೆದ ಕೂಡಲೇ ಮತ್ತೆ ಹುಟ್ಟುತ್ತವೆ, ಅಷ್ಟು ಹೊತ್ತು ಫೋನು ಬಿಸಿಯಾಗುತ್ತದೆ. ಟಿಡಬ್ಲ್ಯುಆರ್‌ಪಿಯಲ್ಲಿ ಡಾಲ್ವಿಕ್ ಕ್ಯಾಶೆ ಅಳಿಸುವ ಸಲಹೆಯದ್ದೂ ಇದೇ ಕಥೆ: ಆ್ಯಪ್‌ಗಳನ್ನು ಓಡಿಸಲು ಆಂಡ್ರಾಯ್ಡ್ ಸಿದ್ಧಮಾಡಿಟ್ಟ ಫೈಲ್‌ಗಳು ಅವು, ಮುಂದಿನ ಬೂಟ್‌ನಿಂದಲೇ ಮತ್ತೆ ತಯಾರಾಗತೊಡಗುತ್ತವೆ. ಆ್ಯಪ್‌ಕ್ಲೀನರ್ ತೋರಿಸುವ ಕ್ಯಾಶೆ ಅಂಕಿ ದೊಡ್ಡದಿರುತ್ತದೆ, ಆದರೆ ಜಾಗ ಸಾಲದಾದಾಗ ಆಂಡ್ರಾಯ್ಡ್ ತಾನೇ ಅದನ್ನು ಬಿಡಿಸಿಕೊಳ್ಳುತ್ತದೆ. ದಿನಕ್ಕೊಮ್ಮೆ ಕ್ಯಾಶೆ ಅಳಿಸುವುದರಿಂದ ಹಳೆಯ ಇಎಂಎಂಸಿ ಸ್ಟೋರೇಜ್ ಚಿಪ್‌ಗೆ ಬರೆಯುವ ಕೆಲಸ ಹೆಚ್ಚುತ್ತದೆ, ಮೊಬೈಲ್ ಡೇಟಾವೂ ಖರ್ಚು.

ಡೀಡೂಪ್ಲಿಕೇಟರ್ ನಮ್ಮ ಫೋನುಗಳಿಗೆಂದೇ ಮಾಡಿದಂತಿದೆ. ಒಂದೇ ಫೈಲಿನ ನಕಲುಗಳನ್ನು ಹುಡುಕುವ ಅದು ಫೋಟೋಗಳನ್ನು ಎರಡು ರೀತಿ ಹೋಲಿಸುತ್ತದೆ. ಚೆಕ್‌ಸಮ್ ಎಂದರೆ ಅಕ್ಷರಶಃ ಒಂದೇ ಫೈಲ್. ಇನ್ನೊಂದು, ನೋಡಲು ಒಂದೇ ತೆರನಾದ ಚಿತ್ರ. ಕ್ಯಾಮೆರಾದಲ್ಲಿ ತೆಗೆದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದಾಗ ಕುಗ್ಗಿದ ಪ್ರತಿಯೊಂದು ‘ಸೆಂಟ್’ ಫೋಲ್ಡರ್‌ಗೆ ಬೀಳುತ್ತದೆ. ಕುಗ್ಗಿದ್ದರಿಂದ ಚೆಕ್‌ಸಮ್ ಹೊಂದುವುದಿಲ್ಲ, ಎರಡನೇ ವಿಧಾನವೇ ಅದನ್ನು ಹಿಡಿಯಬೇಕು. ಅದೇ ವಿಧಾನ ಮದುವೆಮನೆಯಲ್ಲಿ ಬೆನ್ನುಬೆನ್ನಿಗೆ ತೆಗೆದ ನಾಲ್ಕು ಫೋಟೋಗಳನ್ನೂ ಒಂದೇ ಎನ್ನಬಹುದು. ಕಣ್ಣು ಮುಚ್ಚಿದ ಫೋಟೋ ಉಳಿದು ಚೆಂದದ್ದು ಹೋದೀತು. ಗುಂಪು ಗುಂಪಾಗಿ ತೆರೆದು ನೋಡದೆ ಅಳಿಸಬೇಡಿ.

ವಾಟ್ಸಾಪ್‌ನ ಇನ್ನೊಂದು ಮೂಲೆ ‘ಡೇಟಾಬೇಸಸ್’ ಫೋಲ್ಡರ್. ಚಾಟ್ ಬ್ಯಾಕಪ್‌ನ ಏಳು ದಿನದವರೆಗಿನ ಪ್ರತಿಗಳು ಅಲ್ಲಿ ಸೇರುತ್ತವೆ. ದೊಡ್ಡ ಕುಟುಂಬದ ಗುಂಪುಗಳಿದ್ದರೆ ಒಂದೊಂದೂ ನೂರಾರು ಎಂಬಿ. ಹೆಸರಿನಲ್ಲಿ ತಾರೀಖು ಇಲ್ಲದ್ದೇ ಇತ್ತೀಚಿನದು, ಅದನ್ನು ಮುಟ್ಟಬೇಡಿ. ತಾರೀಖು ಇರುವವನ್ನು ತೆಗೆಯಬಹುದು. ಆಂಡ್ರಾಯ್ಡ್ 11ರಿಂದೀಚೆಗಿನ ರೋಮ್‌ನಲ್ಲಿ ಗ್ಯಾಲರಿಯ ಕಸದಬುಟ್ಟಿಗೆ ಹಾಕಿದ ಚಿತ್ರ ‘.ಟ್ರ್ಯಾಶ್ಡ್’ ಎಂದು ಶುರುವಾಗುವ ಹೆಸರಿನಲ್ಲಿ 30 ದಿನ ಅದೇ ಫೋಲ್ಡರ್‌ನಲ್ಲಿ ಅಡಗಿರುತ್ತದೆ. ಅಳಿಸಿದ ಮೇಲೂ ಜಾಗ ಹೆಚ್ಚದಿದ್ದರೆ ಕಾರಣ ಬಹುಪಾಲು ಇದೇ. ಬುಟ್ಟಿಯನ್ನೂ ಖಾಲಿ ಮಾಡಿ.

ರೂಟ್ ಬೇಕೇ? ಕಾಣದ ಫೋಲ್ಡರ್ ಕಾಣಿಸುವುದಕ್ಕೆ ಅದು ಒಳ್ಳೆಯದು. ಆದರೆ ರೂಟ್ ಇರುವ ಫೋನಿನಲ್ಲಿ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ತೆರೆಯಲು ಒಪ್ಪದಿರಬಹುದು. ವರ್ಷಕ್ಕೆರಡು ಸಲದ ಸ್ವಚ್ಛತೆಗಾಗಿ ಅಷ್ಟು ಬೆಲೆ ತೆರಬೇಕಿಲ್ಲ. ಲಿನೇಜ್‌ಓಎಸ್‌ನ ಡೆವಲಪರ್ ಆಯ್ಕೆಗಳಲ್ಲಿ ‘ರೂಟೆಡ್ ಡೀಬಗ್ಗಿಂಗ್’ ಇದೆ. ಆನ್ ಮಾಡಿ, ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ, ಕಂಪ್ಯೂಟರ್‌ನ ಎಡಿಬಿ ಸಾಫ್ಟ್‌ವೇರ್‌ನಿಂದ ‘ಎಡಿಬಿ ರೂಟ್’ ಆದೇಶ ಕೊಟ್ಟರೆ ಮ್ಯಾಜಿಸ್ಕ್ ಇಲ್ಲದೆಯೇ ಡೇಟಾ ಪಾರ್ಟಿಷನ್ ಪೂರ್ತಿ ತೆರೆದುಕೊಳ್ಳುತ್ತದೆ. ‘ಡಿಯು’ ಆದೇಶದಿಂದ ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ತಿಳಿಯಬಹುದು. ಕೆಲಸ ಮುಗಿದ ಮೇಲೆ ಆಫ್ ಮಾಡಿಬಿಡಿ.

ಇಷ್ಟು ಮಾಡಿದರೂ ಸಾಲದಿದ್ದರೆ ಮೆಮೊರಿ ಕಾರ್ಡ್. ಆಂಡ್ರಾಯ್ಡ್ 6ರಿಂದ ಬಂದಿರುವ ಸೌಲಭ್ಯದಿಂದ ಕಾರ್ಡನ್ನು ಆಂತರಿಕ ಸ್ಟೋರೇಜ್‌ನಂತೆ ಬಳಸಬಹುದು. ಎಂಐಯುಐ ಇದನ್ನು ಕೊಡುವುದಿಲ್ಲ, ಲಿನೇಜ್‌ಓಎಸ್‌ನಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡುವಾಗಲೇ ಕೇಳುತ್ತದೆ. ಈ ಫೋನಿನಲ್ಲಿ ಕಾರ್ಡ್ ಹಾಕಿದರೆ ಎರಡನೇ ಸಿಮ್‌ನ ಜಾಗ ಹೋಗುತ್ತದೆ, ನೆನಪಿರಲಿ. ಆ್ಯಪ್‌ಗಳು ಕಾರ್ಡ್‌ನಿಂದಲೇ ಓಡುವುದರಿಂದ ಚಿಕ್ಕ ಚಿಕ್ಕ ಫೈಲ್‌ಗಳನ್ನು ಬೇಗ ಓದಿ ಬರೆಯುವ ಕಾರ್ಡ್ ಬೇಕು. ಎ1 ಗುರುತಿನ ಕಾರ್ಡ್ ಸೆಕೆಂಡಿಗೆ ಕನಿಷ್ಠ 1500 ಓದುವ, 500 ಬರೆಯುವ ಕಾರ್ಯಗಳನ್ನು ಮಾಡಬಲ್ಲದು. ಎ2ಗೆ ಹೆಚ್ಚು ದುಡ್ಡು ಕೊಡಬೇಡಿ, ಅದರ ವೇಗ ಸಿಗಲು ಫೋನಿನ ಕಡೆಯಿಂದಲೂ ಬೆಂಬಲ ಬೇಕು, ಇಷ್ಟು ಹಳೆಯ ಫೋನಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಹೀಗೆ ಬಳಸಿದ ಕಾರ್ಡ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ಕೀಲಿ ಇರುವುದು ಫೋನಿನ ಡೇಟಾ ಪಾರ್ಟಿಷನ್‌ನಲ್ಲಿ. ಹೊಸ ರೋಮ್ ಹಾಕಲು ಡೇಟಾ ಅಳಿಸಿದ ಕ್ಷಣ ಕೀಲಿಯೂ ಅಳಿಯುತ್ತದೆ. ಕಾರ್ಡ್ ಕೈಯಲ್ಲಿದ್ದರೂ ಒಳಗಿನ ಫೋಟೋ ಯಾವ ಕಂಪ್ಯೂಟರ್‌ನಲ್ಲೂ ತೆರೆಯುವುದಿಲ್ಲ. ರೋಮ್ ಬದಲಿಸುವ ಹಿಂದಿನ ದಿನವೇ ಯುಎಸ್‌ಬಿ ಕೇಬಲ್ ಹಾಕಿ ಫೋಟೋಗಳನ್ನು ಕಂಪ್ಯೂಟರ್‌ಗೆ ಇಳಿಸಿ, ಒಂದೆರಡನ್ನು ತೆರೆದು ನೋಡಿ, ಆಮೇಲೆ ರಿಕವರಿಗೆ ಹೋಗಿ.