ಡ್ರಿಫ್ಟ್ ಕಲಿಯಲು ಎಂತಹ ಟೈರ್ ಬೇಕು: ಮಂಡ್ಯದ ಕಣದಲ್ಲಿ ಸವೆಸಿದ ಮೂರು ಜೊತೆ

ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ ಕಾರನ್ನು ಓರೆಯಾಗಿ ಓಡಿಸುವ ಡ್ರಿಫ್ಟ್ ಕಲಿಯಲೆಂದು ಕಳೆದ ಎಂಟು ತಿಂಗಳಲ್ಲಿ ನನ್ನ ಕಾರಿನ ಹಿಂದಿನ ಚಕ್ರಗಳಿಗೆ ಮೂರು ಜೊತೆ ಟೈರ್ ಹಾಕಿದ್ದೇನೆ. ಒಂದು ಜೊತೆ ಪೂರ್ತಿ ಸವೆದಿದೆ, ಇನ್ನೊಂದು ಅರ್ಧ ದಿನಕ್ಕೇ ಕೈಕೊಟ್ಟಿತು, ಮೂರನೆಯದು ಈಗಲೂ ಓಡುತ್ತಿದೆ. ಕಾರು 2008ರ ಬಿಎಂಡಬ್ಲ್ಯು 320ಐ, ಇ90 ಮಾದರಿಯ ಪೆಟ್ರೋಲ್ ಸೆಡಾನ್. ಮೈಸೂರಿನಲ್ಲಿ ಮೂರು ಕೈ ಬದಲಾಗಿ ನನ್ನ ಬಳಿಗೆ ಬಂದದ್ದು. ಅಭ್ಯಾಸ ನಡೆಯುವುದು ಮಂಡ್ಯದ ಹೊರಗೆ, ಸೋದರಮಾವನವರ ಮುಚ್ಚಿದ ರೈಸ್‌ಮಿಲ್ಲಿನ ಹಿಂದಿರುವ ಭತ್ತ ಒಣಗಿಸುವ ಕಾಂಕ್ರೀಟ್ ಕಣದಲ್ಲಿ. ರಿಂಗ್ ರಸ್ತೆಯಲ್ಲಿ ನಡುರಾತ್ರಿ ಮಾಡಿದರಾಯಿತು ಎನ್ನುವವರಿಗೆ ಈ ಬರಹ ಅಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಯಾಗುತ್ತದೆ, ಎದುರಿಗೆ ಬರುವವನಿಗೆ ಅದರ ಸುಳಿವೂ ಇರುವುದಿಲ್ಲ.

ಟೈರಿನ ಮಾತಿಗೆ ಮೊದಲು ಕಾರಿನ ಎರಡು ದೌರ್ಬಲ್ಯಗಳನ್ನು ಹೇಳಬೇಕು, ಏಕೆಂದರೆ ನನ್ನ ಆಯ್ಕೆಗಳೆಲ್ಲ ಅವುಗಳಿಂದಲೇ ಹುಟ್ಟಿದವು. ಇದರ ಎಂಜಿನ್ನಿಗೆ ಇರುವುದು ಸುಮಾರು 150 ಅಶ್ವಶಕ್ತಿ, ಗೇರ್ ಆಟೊಮ್ಯಾಟಿಕ್. ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಹಿಂದಿನ ಚಕ್ರಗಳನ್ನು ಜಾರಿಸುವ ಉಪಾಯ ಇಲ್ಲಿಲ್ಲ. ಹಿಂದಿನ ಎರಡು ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹಂಚುವ ಡಿಫರೆನ್ಷಿಯಲ್ ಸಾಮಾನ್ಯದ್ದಾದ್ದರಿಂದ ತಿರುವಿನಲ್ಲಿ ಭಾರ ಕಡಿಮೆಯಾದ ಒಳಗಿನ ಚಕ್ರವೇ ಹೆಚ್ಚು ಸುತ್ತುತ್ತದೆ. ಇಂತಹ ಕಾರಿಗೆ ಹಿಂದೆ ಒಳ್ಳೆಯ ಹಿಡಿತದ ಟೈರ್ ಹಾಕಿದರೆ ಅದನ್ನು ಜಾರಿಸಲು ಗಂಟೆಗೆ ಅರವತ್ತು ಕಿಲೋಮೀಟರ್ ವೇಗ ಬೇಕಾಗುತ್ತದೆ. ಆ ವೇಗಕ್ಕೆ ನಮ್ಮ ಕಣ ಸಾಲದು, ಕಲಿಯುವವನ ಧೈರ್ಯವೂ ಸಾಲದು. ಹಿಂದೆ ಗಟ್ಟಿ ರಬ್ಬರಿನ, ಅರ್ಧ ಸವೆದ ಟೈರ್ ಇದ್ದರೆ ಒದ್ದೆ ಕಾಂಕ್ರೀಟಿನ ಮೇಲೆ ಇಪ್ಪತ್ತೈದು ಮೂವತ್ತರಲ್ಲೇ ಬಾಲ ಹೊರಳುತ್ತದೆ. ತಪ್ಪಿದರೂ ಕಾರು ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಅಷ್ಟೆ.

ಮುಂದಿನ ಚಕ್ರಗಳ ಲೆಕ್ಕ ಇದಕ್ಕೆ ಪೂರ್ತಿ ತಿರುಗುಮುರುಗು. ಬಾಲ ಹೊರಳಿದಾಗ ಕಾರನ್ನು ಹಿಡಿದು ತರುವುದು ಮುಂದಿನ ಎರಡು ಟೈರುಗಳೇ ಆದ್ದರಿಂದ ಅಲ್ಲಿ ಜಿಪುಣತನ ಸಲ್ಲದು. ನಾನು ಮುಂದಕ್ಕೆ ಮಿಷೆಲಿನ್ ಪ್ರೈಮಸಿ 4 ಎಸ್‌ಟಿ ಟೈರುಗಳನ್ನು ಹೊಸದಾಗಿ ಕೊಂಡೆ, ಅಳತೆ 205/55 ಆರ್16. ಸ್ಟೀರಿಂಗ್ ಎದುರು ದಿಕ್ಕಿಗೆ ತಿರುಗಿಸಿದ ಕೂಡಲೇ ಅವು ಮಾತು ಕೇಳುತ್ತವೆ, ಎಂಟು ತಿಂಗಳಾದರೂ ಅಂಚುಗಳು ತುಸು ದುಂಡಗಾಗಿರುವುದನ್ನು ಬಿಟ್ಟರೆ ಚೆನ್ನಾಗಿಯೇ ಇವೆ. ಇಲ್ಲೊಂದು ತಮಾಷೆಯಿದೆ. 2012ರಲ್ಲಿ ಟೊಯೋಟಾ ತನ್ನ ಜಿಟಿ86 ಕಾರಿಗೆ ಇದೇ ಪ್ರೈಮಸಿ ಕುಟುಂಬದ, ಪ್ರಿಯಸ್ ಹೈಬ್ರಿಡ್ಡಿಗೂ ಹಾಕುತ್ತಿದ್ದ ಟೈರನ್ನು ಕೊಟ್ಟಿತ್ತು. ಸ್ಪೋರ್ಟ್ಸ್ ಕಾರಾದರೂ ಕಡಿಮೆ ವೇಗದಲ್ಲೇ ಸಲೀಸಾಗಿ ಜಾರಲಿ ಎಂಬುದು ಅದರ ಇರಾದೆ. ಅವರು ಜಾರಲೆಂದು ಹಾಕಿದ್ದನ್ನು ನಾನು ಹಿಡಿಯಲೆಂದು ಹಾಕಿದ್ದೇನೆ. ಹಿಂದಿನ ಟೈರ್ ಅದಕ್ಕಿಂತ ಕಡೆಯಾಗಿದ್ದರೆ ಸಾಕು, ಕೆಲಸ ನಡೆಯುತ್ತದೆ.

ಹಿಂದಿನ ಮೊದಲ ಜೊತೆ ಕಾರಿನ ಜೊತೆಯಲ್ಲೇ ಬಂದ ರನ್‌ಫ್ಲ್ಯಾಟ್ ಟೈರುಗಳು. ಗಾಳಿ ಹೋದರೂ ಸ್ವಲ್ಪ ದೂರ ಓಡುವಂತೆ ಇವುಗಳ ಪಕ್ಕದ ಗೋಡೆಯನ್ನು ದಪ್ಪವಾಗಿ ಮಾಡಿರುತ್ತಾರೆ. ಆ ದಪ್ಪವೇ ಕಲಿಯುವವನಿಗೆ ತೊಡಕು. ಸಾಮಾನ್ಯ ಟೈರ್ ಜಾರುವ ಮೊದಲು ಒಂದಿಷ್ಟು ಬಾಗಿ ಸೀಟಿನ ಮೂಲಕ ಸೂಚನೆ ಕೊಡುತ್ತದೆ; ಇವು ಕೊನೆಯ ಗಳಿಗೆಯವರೆಗೆ ಬಿಗಿಯಾಗಿ ನಿಂತು ಒಮ್ಮೆಲೇ ಬಿಟ್ಟುಕೊಡುತ್ತಿದ್ದವು. ಮೊದಲ ಮೂರು ಭಾನುವಾರ ನಾನು ಡ್ರಿಫ್ಟ್ ಕಲಿಯಲಿಲ್ಲ, ಗಿರಕಿ ಹೊಡೆಯುವುದನ್ನಷ್ಟೇ ಕಲಿತೆ. ಹಳೆಯದಾಗಿ ಸಿಗುವ ರನ್‌ಫ್ಲ್ಯಾಟಿಗೆ ಇನ್ನೊಂದು ಆಕ್ಷೇಪವಿದೆ. ಹಿಂದಿನವರು ಅದನ್ನು ಗಾಳಿಯಿಲ್ಲದೆ ಓಡಿಸಿದ್ದರೆ ಒಳಗೋಡೆ ನಲುಗಿರುತ್ತದೆ, ಹೊರಗಿನಿಂದ ನೋಡಿದರೆ ಅದು ಗೊತ್ತಾಗುವುದಿಲ್ಲ. ಎಡಕ್ಕೇ ಸುತ್ತು ಹಾಕುತ್ತಿದ್ದುದರಿಂದ ಎಡಗಡೆಯದು ಮೊದಲು ಬೋಳಾಯಿತು. ಬಲಕ್ಕೆ ಸುತ್ತಿ ಇನ್ನೊಂದನ್ನೂ ಅದರ ಸಮಕ್ಕೆ ತಂದು ಎರಡನ್ನೂ ಬಿಚ್ಚಿದೆ.

ಎರಡನೆಯ ಜೊತೆಯಲ್ಲಿ ನಾನು ಮೋಸ ಹೋದೆ. ಹಳೆ ಟೈರ್ ಮಾರುವ ಒಂದು ಕಡೆ, ಹೆಸರು ಇಲ್ಲಿ ಬೇಡ, ಎರಡಕ್ಕೂ ಸೇರಿ 2,600 ರೂಪಾಯಿ ಕೊಟ್ಟು ಒಂದು ಜೊತೆ ಟೈರ್ ಕೊಂಡೆ. ಕಪ್ಪು ಪಾಲಿಶ್ ಹೊಡೆದು ಮಿರಮಿರ ಮಿಂಚುತ್ತಿದ್ದವು, ಗೆರೆಗಳು ಆಳವಾಗಿದ್ದವು. ಕಣದಲ್ಲಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಬಲ ಟೈರಿನ ಗೆರೆಯ ತಳದಲ್ಲಿ ಕೂದಲಿನಂತಹ ಉಕ್ಕಿನ ತಂತಿಗಳು ಎದ್ದು ನಿಂತವು. ಬೋಳು ಟೈರಿಗೆ ಬಿಸಿ ಮಾಡಿದ ಕತ್ತಿಯಿಂದ ಹೊಸ ಗೆರೆ ಕೊರೆದಿದ್ದರು. ಕಾರಿನ ಟೈರಿನಲ್ಲಿ ಗೆರೆಯ ಕೆಳಗೆ ಹಾಗೆ ಕೊರೆಯುವಷ್ಟು ರಬ್ಬರನ್ನು ಬಿಟ್ಟಿರುವುದಿಲ್ಲ, ಆದ್ದರಿಂದ ಕತ್ತಿ ನೇರವಾಗಿ ತಂತಿಯ ಪದರದ ಮೇಲೆಯೇ ಹೋಗಿರುತ್ತದೆ. ಗುರುತಿಸುವ ವಿಧಾನ ಸುಲಭ, ನನಗೆ ಆಗ ಗೊತ್ತಿರಲಿಲ್ಲ. ಗೆರೆಯ ತಳದಲ್ಲಿ ಅಲ್ಲಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬಗಳಿರುತ್ತವೆ, ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಆಯುಸ್ಸು ಮುಗಿಯಿತೆಂದು ಅರ್ಥ. ಕೊರೆದ ಟೈರಿನಲ್ಲಿ ಕತ್ತಿ ಆ ದಿಬ್ಬಗಳನ್ನೂ ಕೊಚ್ಚಿ ಹಾಕಿರುತ್ತದೆ. ಗೆರೆಯಲ್ಲಿ ಬೆರಳಾಡಿಸಿದಾಗ ದಿಬ್ಬ ಸಿಗದಿದ್ದರೆ ಟೈರನ್ನು ಅಲ್ಲೇ ಇಟ್ಟು ಬರಬೇಕು.

ಮೂರನೆಯ ಜೊತೆ ಸಿಕ್ಕಿದ್ದು ಹಳೆಯ ಹೆದ್ದಾರಿಯ ಪಕ್ಕದ, ಬೋರ್ಡ್ ಕೂಡ ನೆಟ್ಟಗಿಲ್ಲದ ಪಂಕ್ಚರ್ ಅಂಗಡಿಯಲ್ಲಿ. ಡ್ರಿಫ್ಟ್ ಎಂದರೆ ಏನೆಂದು ಅಂಗಡಿಯ ಹಿರಿಯರಿಗೆ ವಿವರಿಸಲು ಐದು ನಿಮಿಷ ಹಿಡಿಯಿತು. ಎಲ್ಲ ಕೇಳಿಸಿಕೊಂಡು, "ಸವೆಸೋಕೇ ಅಂತ ತಗೊಳ್ತೀರಾ? ಹಂಗಾದ್ರೆ ಗೆರೆ ನೋಡ್ಬೇಡಿ ಸಾ, ಪಕ್ಕ ನೋಡಿ" ಎಂದರು. ಈ ವಿಷಯದಲ್ಲಿ ನಾನು ಕೇಳಿದ ಅತ್ಯುತ್ತಮ ಸಲಹೆ ಇದು. ಜಾರುವಾಗ ಟೈರಿನ ಮೇಲೆ ಬೀಳುವ ಅಡ್ಡ ಒತ್ತಡವನ್ನು ಪಕ್ಕದ ಗೋಡೆ ಹೊರುತ್ತದೆ. ಗೆರೆ ಹೇಗೂ ಹೋಗಲಿಕ್ಕೇ ಇರುವುದು. ಅವರು ಟೈರನ್ನು ಬಿಸಿಲಿಗೆ ಓರೆ ಹಿಡಿದು ಉಬ್ಬು, ಸೀಳು, ಒಳಗೆ ಹಾಕಿದ ಪ್ಯಾಚ್ ಎಲ್ಲವನ್ನೂ ತೋರಿಸಿದರು, ತಯಾರಿಕೆಯ ಗುರುತನ್ನೂ ಓದಿಸಿದರು. ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. ನನ್ನ ಜೊತೆಯಲ್ಲಿ ಒಂದರ ಮೇಲೆ 2319 ಎಂದಿತ್ತು, ಅಂದರೆ 2019ರ 23ನೇ ವಾರ. ಇನ್ನೊಂದು ಅದೇ ತಿಂಗಳಿನದು. ಎರಡೂ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಸವೆತ. ಹಿಂದಿನ ಎರಡು ಚಕ್ರಗಳು ಬೇರೆ ಬೇರೆ ಬಗೆಯವಾದರೆ ಎಡ ತಿರುವು ಒಂದು ಕಾರಿನಂತೆ, ಬಲ ತಿರುವು ಇನ್ನೊಂದು ಕಾರಿನಂತೆ ಆಗಿಬಿಡುತ್ತದೆ.

ಇಲ್ಲಿ ಅಳತೆಯ ಅದೃಷ್ಟವೂ ನೆರವಾಯಿತು. 205/55 ಆರ್16 ಎಂಬುದು ಕೊರೊಲಾ ಆಲ್ಟಿಸ್, ಆಕ್ಟೇವಿಯಾದಂತಹ ಕಾರುಗಳಿಗೂ ಬರುವ ಅಳತೆ. ಅವುಗಳ ಮಾಲೀಕರು ಟೈರನ್ನು ಬೋಳಾಗುವವರೆಗೆ ಓಡಿಸುವವರಲ್ಲ, ಅರ್ಧ ಗೆರೆಯಿರುವಾಗಲೇ ಬದಲಾಯಿಸುತ್ತಾರೆ. ಹದಿನೆಂಟು ಇಂಚಿನ ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) ಹಾಕಿ ಮೆರೆಯುವವರಿಗೆ ಈ ಭಾಗ್ಯವಿಲ್ಲ. ಈ ಜೊತೆಗೆ ಒಟ್ಟು 3,400 ರೂಪಾಯಿ ಕೊಟ್ಟೆ, ಹಾಕಿಸುವ ಕೂಲಿ ಸೇರಿ. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂಕಿ ಅಚ್ಚಾಗಿದ್ದರೆ ಅದನ್ನೂ ನೋಡಬಹುದು. ಅಮೆರಿಕದ ಪದ್ಧತಿಯ ಈ ಅಂಕಿ ದೊಡ್ಡದಾದಷ್ಟೂ ಟೈರ್ ನಿಧಾನವಾಗಿ ಸವೆಯುತ್ತದೆ. ಪರೀಕ್ಷೆ ನಡೆಸಿ ಅಂಕಿ ಕೊಡುವವರು ಆಯಾ ಕಂಪನಿಯವರೇ ಆದ್ದರಿಂದ ಎರಡು ಕಂಪನಿಗಳ ಅಂಕಿಗಳನ್ನು ಹೋಲಿಸುವುದರಲ್ಲಿ ಹೆಚ್ಚು ಅರ್ಥವಿಲ್ಲ, ಆದರೂ 400ರ ಆಸುಪಾಸಿನದು ಹಿಂದಕ್ಕೆ ಸರಿ, 200ರದು ಬೇಡ. ರೀಟ್ರೆಡ್ ಮಾಡಿದ, ಅಂದರೆ ಸವೆದದ್ದರ ಮೇಲೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ ಟೈರನ್ನಂತೂ ಎಷ್ಟು ಅಗ್ಗಕ್ಕೆ ಕೊಟ್ಟರೂ ಈ ಕೆಲಸಕ್ಕೆ ತರಬಾರದು, ಬಿಸಿಗೆ ಅಂಟು ಬಿಟ್ಟು ಮೇಲಿನ ಪಟ್ಟಿಯೇ ಕಿತ್ತು ಬರಬಹುದು.

ಈ ಜೊತೆ ನಡೆದುಕೊಂಡ ರೀತಿ ನನಗೆ ತೃಪ್ತಿ ಕೊಟ್ಟಿದೆ. ಮುಂದಕ್ಕೆ 32 ಪೌಂಡ್, ಹಿಂದಕ್ಕೆ 38 ಪೌಂಡ್ ಗಾಳಿಯಿಂದ ಶುರು ಮಾಡುತ್ತೇನೆ. ಹತ್ತು ನಿಮಿಷ ಸುತ್ತಿದ ಮೇಲೆ ಹಿಂದಿನದು ಬಿಸಿಗೆ ನಾಲ್ಕೈದು ಪೌಂಡ್ ಏರುತ್ತದೆ, ಹಾಗಾಗಿ ಮೊದಲೇ 44ಕ್ಕೆ ಏರಿಸಿಡುವುದು ತಪ್ಪು. ಆಗ ನಡುಭಾಗ ಮಾತ್ರ ನೆಲಕ್ಕೆ ತಾಗಿ ಅಲ್ಲೇ ಬೋಳಾಗುತ್ತದೆ. ಕಣಕ್ಕೆ ಬೋರ್‌ವೆಲ್ ನೀರು ಬಿಟ್ಟುಕೊಂಡಾಗ ಸವೆತ ತೀರಾ ಕಡಿಮೆ. ಒಣ ಕಾಂಕ್ರೀಟಿನ ಮೇಲೆ ಒಂದು ಸುತ್ತಿಗೆ ಉದುರುವ ರಬ್ಬರ್ ಹುಡಿ, ಒದ್ದೆಯಲ್ಲಿ ಅರ್ಧ ಗಂಟೆ ಸುತ್ತಿದರೂ ಉದುರುವುದಿಲ್ಲ. ಆ ಹುಡಿಯನ್ನು ಒಂದು ಚೂರೂ ಬಿಡದೆ ಗುಡಿಸಬೇಕೆಂಬುದು ಮಾವನವರ ಷರತ್ತು, ಏಕೆಂದರೆ ಸುಗ್ಗಿಯಲ್ಲಿ ಪಕ್ಕದ ಊರಿನವರು ಅಲ್ಲೇ ರಾಗಿ ಒಣಗಿಸುತ್ತಾರೆ.

ಇನ್ನೊಂದು ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ: ಹಿಂದಿನ ಚಕ್ರಗಳಿಗೆ ಬೇರೆಯದೇ ಒಂದು ಜೊತೆ ಡಿಸ್ಕ್ ಬೇಕು. ಮೈಸೂರಿನಿಂದ ಮಂಡ್ಯಕ್ಕೆ ಒಳ್ಳೆಯ ಟೈರಿನ ಮೇಲೆ ಹೋಗಿ, ಕಣದಲ್ಲಿ ಜಾಕ್ ಎತ್ತಿ, 17 ಮಿಲಿಮೀಟರಿನ ಬೋಲ್ಟುಗಳನ್ನು ಬಿಚ್ಚಿ ಚಕ್ರ ಬದಲಿಸಿಕೊಳ್ಳುತ್ತೇನೆ. ಸಂಜೆ ಮರಳುವ ಮುನ್ನ ಮತ್ತೆ ಅದೇ ಕೆಲಸ. ತಂತಿ ಕಾಣುವ ಟೈರಿನಲ್ಲಿ ಹೆದ್ದಾರಿಗೆ ಇಳಿಯುವ ಹಣೆಬರಹ ಇದರಿಂದ ತಪ್ಪುತ್ತದೆ. ಇ90 ಕಾರಿಗೆ ಐದು ಬೋಲ್ಟುಗಳ ತೂತು 120 ಮಿಲಿಮೀಟರ್ ಅಗಲದ ವೃತ್ತದಲ್ಲಿರುವ ಡಿಸ್ಕೇ ಆಗಬೇಕು. ಆಲ್ಟಿಸ್‌ನ ಟೈರ್ ಆಗುತ್ತದೆ, ಡಿಸ್ಕ್ ಆಗುವುದಿಲ್ಲ. ನನಗೆ ಹಳೆಯ ಜೊತೆ ಸಿಗಲು ಎರಡು ತಿಂಗಳು ಹಿಡಿಯಿತು.

ಈಗಿನ ಜೊತೆಯಲ್ಲಿ ದಿಬ್ಬದ ಮೇಲೆ ಇನ್ನೂ ಸುಮಾರು ಎರಡು ಮಿಲಿಮೀಟರ್ ರಬ್ಬರ್ ಉಳಿದಿದೆ, ಒದ್ದೆ ಕಣದಲ್ಲಾದರೆ ಮೂರು ನಾಲ್ಕು ಭಾನುವಾರಕ್ಕೆ ಬಂದೀತು. ಮೊನ್ನೆ ಹಿರಿಯರು ಫೋನ್ ಮಾಡಿ, ಇನ್ನೊಂದು ಆಲ್ಟಿಸ್ ಜೊತೆ ಬಂದಿದೆ, ಒಂದಕ್ಕೆ ಮೊಳೆ ಹೊಡೆದು ಪ್ಯಾಚ್ ಆಗಿದೆ, ಆದರೆ ನಡುವಿನಲ್ಲಿ, ಪಕ್ಕಕ್ಕೆ ಏನೂ ಆಗಿಲ್ಲ ಎಂದು ತಿಳಿಸಿದರು. ತೆಗೆದಿಡಲು ಹೇಳಿದ್ದೇನೆ.